ಪ್ರತಿ ಮತ್ತು ಪಾಠ: ವೈಜ್ಞಾನಿಕ ಅನುಕರಣ ತಂತ್ರಾಂಶಗಳ ಕಂಟೈನರ್ ವಿಧಾನ

ಜ್ಯಾಕ್ ಹೇಲ್, ಲಿಜಾವ್ ಲೀ, ಕ್ರಿಸ್ ರಿಚರ್ಡ್‌ಸನ್ ಮತ್ತು ಗಾರ್ತ್ ವೆಲ್ಸ್ ಅವರು 2017ರಲ್ಲಿ ‘ಕಂಪ್ಯೂಟಿಂಗ್ ಇನ್ ಸೈನ್ಸ್ ಅಂಡ್ ಎಂಜಿನಿಯರಿಂಗ್’ ಎಂಬ ನಿಯತಕಾಲಿಕೆಯಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿ ಮೂರು ವಿಶೇಷಣಗಳಿವೆ. ಕಂಟೈನರ್ ಎಂಬ ವ್ಯವಸ್ಥೆಯು ವೈಜ್ಞಾನಿಕ ಗಣನೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಲ್ಲದ್ದನ್ನಾಗಿ ಮಾಡುತ್ತದೆ, ಸಂಶೋಧಕನ ಶ್ರಮವನ್ನು ಫಲಕಾರಿಯಾಗಿಸುತ್ತದೆ, ಹೀಗಾದರೂ ವೇಗದಲ್ಲಿ ಕೊರತೆಯನ್ನುಂಟುಮಾಡುವುದಿಲ್ಲ ಎಂಬುದು ಅವುಗಳ ತಾತ್ಪರ್ಯ. ಪ್ರಬಂಧ ಪ್ರಾಮಾಣಿಕವಾದುದು; ಅಳತೆಗಳನ್ನು ಮುಂದಿಟ್ಟು ಮಾತನಾಡುತ್ತದೆ. ಅನುಕರಣ ತಂತ್ರಾಂಶವನ್ನು ಕಟ್ಟುವ ಮತ್ತು ಸ್ಥಾಪಿಸುವ ಕೆಲಸಕ್ಕೆ ಕಂಟೈನರನ್ನು ಬಳಸುವ ರೂಢಿ ವಿಜ್ಞಾನಲೋಕದಲ್ಲಿ ನೆಲೆಗೊಂಡುದರ ಹಿಂದೆ ಇಂಥ ಬರಹಗಳ ಪಾತ್ರವಿದೆ. ಆದ್ದರಿಂದಲೇ ಆ ಮೂರು ವಿಶೇಷಣಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆ, ಅವುಗಳ ಜೊತೆಗೆ ಸೇರದೆ ಉಳಿದುಹೋದ ನಾಲ್ಕನೆಯದು ಯಾವುದು ಎಂಬುದನ್ನು ಪರಿಶೀಲಿಸುವುದು ಉಚಿತವಾಗಿದೆ.

ಪ್ರಬಂಧದ ಉದಾಹರಣೆ ಫೆನಿಕ್ಸ್ ಎಂಬ ತಂತ್ರಾಂಶ ಸಮುಚ್ಚಯ. 2003ರಲ್ಲಿ ಆರಂಭವಾದ ಈ ಯೋಜನೆಯು ಆಂಶಿಕ ಅವಕಲ ಸಮೀಕರಣಗಳನ್ನು ಫೈನೈಟ್ ಎಲಿಮೆಂಟ್ ವಿಧಾನದಿಂದ ಬಿಡಿಸುತ್ತದೆ. ಶಾಖದ ಹರಿವು, ದ್ರವದ ಚಲನೆ, ತೊಲೆಯ ಬಾಗು ಮೊದಲಾದ ವಿದ್ಯಮಾನಗಳ ಅನುಕರಣ ಇದರ ಕೆಲಸ. ಬಳಕೆದಾರನು ಸಮೀಕರಣವನ್ನು ಪೈಥಾನ್ ಭಾಷೆಯಲ್ಲಿ, ಗಣಿತದ ಪುಸ್ತಕದಲ್ಲಿ ಇರುವುದಕ್ಕೆ ತೀರ ಸಮೀಪವಾದ ರೂಪದಲ್ಲಿ ಬರೆಯುತ್ತಾನೆ. ಆ ಬರಹದಿಂದ ತಂತ್ರಾಂಶವು ತಾನೇ ಕೆಳಹಂತದ ಕ್ರಮವಿಧಿಯನ್ನು ಹೆಣೆದು, ಆ ಕ್ಷಣದಲ್ಲಿಯೇ ಕಂಪೈಲ್ ಮಾಡಿ ಓಡಿಸುತ್ತದೆ. ಬೀಜಗಣಿತದ ಭಾರವನ್ನು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬೆಳೆದ ಪೆಟ್‌ಎಸ್‌ಸಿ ಎಂಬ ಲೈಬ್ರರಿ ಹೊರುತ್ತದೆ. ಅನೇಕ ಸಂಸ್ಕಾರಕಗಳಿಗೆ ಕೆಲಸ ಹಂಚುವ ಹೊಣೆ ಎಂಪಿಐ ಎಂಬ ಸಂದೇಶವಹನ ವ್ಯವಸ್ಥೆಯದು. ದತ್ತಾಂಶವನ್ನು ಬರೆದಿಡಲು ಎಚ್‌ಡಿಎಫ್5, ಜಾಲರಿಯನ್ನು ವಿಭಾಗಿಸಲು ಸ್ಕಾಚ್ ಅಥವಾ ಪಾರ್‌ಮೆಟಿಸ್, ಇವೆಲ್ಲಕ್ಕೂ ಮಿಗಿಲಾಗಿ ಒಂದು ನಿರ್ದಿಷ್ಟ ಆವೃತ್ತಿಯ ಕಂಪೈಲರ್. ಇಲ್ಲಿ ಲೈಬ್ರರಿ ಎಂದರೆ ತಂತ್ರಾಂಶದ ಭಾಗ. ಪುಸ್ತಕಗಳಿರುವ ಮನೆಯನ್ನು ಈ ಲೇಖನದಲ್ಲಿ ಗ್ರಂಥಾಲಯ ಎಂದೇ ಕರೆಯಲಾಗಿದೆ.

ಈ ಸರಪಳಿಯಲ್ಲಿ ಒಂದು ಕೊಂಡಿ ಹೊಂದದಿದ್ದರೂ ಕಟ್ಟಡ ನಿಲ್ಲದು. ನಿಲ್ಲದಿದ್ದರೆ ಕೂಡಲೇ ತಿಳಿಯುತ್ತದೆ. ತೊಂದರೆಯಿರುವುದು ನಿಂತಂತೆ ತೋರಿದಾಗ. ಎಂಪಿಐ ಒಂದು ಮಾನಕ ಮಾತ್ರ. ಅದಕ್ಕೆ ಎಂಪಿಚ್, ಓಪನ್ ಎಂಪಿಐ ಮುಂತಾದ ಬೇರೆ ಬೇರೆ ಅನುಷ್ಠಾನಗಳಿವೆ. ತಂತ್ರಾಂಶವನ್ನು ಒಂದರೊಡನೆ ಕಟ್ಟಿ, ಇನ್ನೊಂದರ ಆದೇಶದಿಂದ ಓಡಿಸಿದರೆ ಎಷ್ಟೋ ಸಲ ಯಾವ ದೋಷಸೂಚನೆಯೂ ಬರುವುದಿಲ್ಲ. ಹದಿನಾರು ಪ್ರಕ್ರಿಯೆಗಳನ್ನು ಕೇಳಿದಲ್ಲಿ ಹದಿನಾರೂ ‘ತಾನೊಂದೇ ಇದ್ದೇನೆ’ ಎಂದು ತಿಳಿದು, ಇಡೀ ಸಮಸ್ಯೆಯನ್ನು ಹದಿನಾರು ಬಾರಿ ಬಿಡಿಸಿ, ಒಂದೇ ಉತ್ತರವನ್ನು ಹದಿನಾರು ಬಾರಿ ಕೊಡುತ್ತವೆ. ಉತ್ತರ ಸರಿಯಾಗಿಯೇ ಇರುತ್ತದೆ, ಪರೀಕ್ಷಕನು ವೇಗವನ್ನು ಮಾತ್ರ ಕಂಡು ಬೆರಗಾಗುತ್ತಾನೆ. ಸಂಶೋಧನ ವಿದ್ಯಾರ್ಥಿಗಳ ವಾರಗಳನ್ನು ನುಂಗುತ್ತಿದ್ದುದು ಇಂಥ ಜಟಿಲತೆ.

ಕಂಟೈನರ್ ಇದಕ್ಕೆ ಕಂಡುಕೊಂಡ ಉಪಾಯ. ಕನ್ನಡದಲ್ಲಿ ‘ಧಾರಕ’ ಎನ್ನಬಹುದಾದರೂ ಆ ಶಬ್ದ ವಿದ್ಯುತ್ ಶಾಸ್ತ್ರದ ಕೆಪಾಸಿಟರಿಗೆ ಈಗಾಗಲೇ ಸಂದುಹೋಗಿದೆ. ಇದರ ಬೀಜ ಹಳೆಯದು: ಒಂದು ಪ್ರಕ್ರಿಯೆಗೆ ಕಡತವ್ಯವಸ್ಥೆಯ ಒಂದು ಭಾಗವನ್ನೇ ಇಡೀ ಜಗತ್ತೆಂದು ತೋರಿಸುವ ಆದೇಶ 1979ರ ಯುನಿಕ್ಸ್ ಏಳನೆಯ ಆವೃತ್ತಿಯ ಹೊತ್ತಿಗೇ ಹುಟ್ಟಿತ್ತು. ಮುಂದೆ ಲಿನಕ್ಸ್ ಕರ್ನೆಲ್‌ನಲ್ಲಿ ಪ್ರಕ್ರಿಯೆಗಳನ್ನು ಪರಸ್ಪರ ಮರೆಮಾಡುವ ಮತ್ತು ಅವುಗಳ ಸಂಪನ್ಮೂಲಕ್ಕೆ ಮಿತಿ ಹಾಕುವ ಸೌಲಭ್ಯಗಳು ಕೂಡಿಕೊಂಡವು. 2013ರಲ್ಲಿ ಡಾಕರ್ ಬಂದುದರಿಂದ ಇವೆಲ್ಲ ಜನಬಳಕೆಗೆ ಒದಗಿದವು. ಡಾಕರ್‌ನಲ್ಲಿ ಎರಡು ವಸ್ತುಗಳಿವೆ. ಮೊದಲನೆಯದು ವಿಧಿಪತ್ರ: ಯಾವ ಮೂಲದಿಂದ ತೊಡಗಬೇಕು, ಯಾವ ಆದೇಶಗಳನ್ನು ಯಾವ ಕ್ರಮದಲ್ಲಿ ನಡೆಸಬೇಕು ಎಂಬ ಕೆಲವು ಹತ್ತು ಸಾಲುಗಳ ಪಠ್ಯ. ಎರಡನೆಯದು ಇಮೇಜ್: ಆ ವಿಧಿಯನ್ನು ನಡೆಸಿದ ಮೇಲೆ ಪದರಪದರವಾಗಿ ಕೂಡಿದ ಕಡತಗಳ ಮೊತ್ತ. ಇಮೇಜನ್ನು ಇಳಿಸಿಕೊಂಡವನು ಏನನ್ನೂ ಕಟ್ಟಬೇಕಾಗಿಲ್ಲ. ಆದರೆ ಡಾಕರ್ ಬಳಸಲು ಯಂತ್ರದ ಮೇಲೆ ಮೇಲಧಿಕಾರಿಯ ಹಕ್ಕಿಗೆ ಸಮನಾದ ಹಕ್ಕು ಬೇಕಾಗುತ್ತಿದ್ದುದರಿಂದ ನೂರಾರು ಜನ ಹಂಚಿಕೊಂಡು ಬಳಸುವ ಸೂಪರ್‌ಕಂಪ್ಯೂಟರ್ ಕೇಂದ್ರಗಳು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಮೆರಿಕದ ನರ್ಸ್ಕ್ ಕೇಂದ್ರದ ಶಿಫ್ಟರ್, ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಗ್ರೆಗರಿ ಕರ್ಟ್ಜರ್ ಆರಂಭಿಸಿದ ಸಿಂಗ್ಯುಲಾರಿಟಿ ಇವು ಆ ಕೊರತೆಯನ್ನು ತುಂಬಿದವು. ಸಿಂಗ್ಯುಲಾರಿಟಿಯ ಮುಖ್ಯ ಯೋಜನೆ 2021ರಲ್ಲಿ ಆಪ್‌ಟೈನರ್ ಎಂಬ ಹೊಸ ಹೆಸರಿನೊಂದಿಗೆ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂತು.

ಫಲಕಾರಿತ್ವದ ವಿಶೇಷಣಕ್ಕೆ ಹೆಚ್ಚು ಚರ್ಚೆ ಬೇಕಿಲ್ಲ, ಅದು ನಿಜ. ಹಾನ್ಸ್ ಪೀಟರ್ ಲಾಂಗ್‌ಟಾಂಗನ್ ಮತ್ತು ಆಂಡರ್ಸ್ ಲಾಗ್ ಅವರ ಫೆನಿಕ್ಸ್ ಪಾಠಪುಸ್ತಕ 2016ರಲ್ಲಿ ಪ್ರಕಟವಾದಾಗ, ಸ್ಥಾಪನೆಯ ಮಾರ್ಗಗಳಲ್ಲಿ ಒಂದನ್ನಾಗಿ ಅದು ಹೇಳಿದ್ದು ಡಾಕರ್ ಕಂಟೈನರನ್ನೇ. ಹಿಂದೆ ಹಲವು ದಿನ ಹಿಡಿಯುತ್ತಿದ್ದ ಪೂರ್ವಸಿದ್ಧತೆ ಒಂದೆರಡು ಆದೇಶಗಳಿಗೆ ಇಳಿಯಿತು.

ಒಯ್ಯಬಲ್ಲದ್ದು ಎಂಬ ವಿಶೇಷಣಕ್ಕೆ ಎಲ್ಲೆಗಳಿವೆ. ಕಂಟೈನರ್ ತನ್ನೊಡನೆ ಕರ್ನೆಲನ್ನು ಒಯ್ಯುವುದಿಲ್ಲ. ಆತಿಥೇಯ ಯಂತ್ರದ ಕರ್ನೆಲನ್ನೇ ಬಳಸುತ್ತದೆ. ವಿಂಡೋಸ್ ಅಥವಾ ಮ್ಯಾಕ್ ಗಣಕದಲ್ಲಿ ಅದು ಓಡುವುದು ತೆರೆಮರೆಯ ಲಿನಕ್ಸ್ ಕರ್ನೆಲ್ ಒಂದರ ಮೇಲೆ. ಸಂಸ್ಕಾರಕದ ಜಾತಿಯೂ ಹೊಂದಬೇಕು. 2020ರಲ್ಲಿ ಆಪಲ್ ಕಂಪನಿ ತನ್ನ ಗಣಕಗಳನ್ನು ಆರ್ಮ್ ಜಾತಿಯ ಸಂಸ್ಕಾರಕಕ್ಕೆ ಬದಲಾಯಿಸತೊಡಗಿದಾಗ, ಇಂಟೆಲ್ ಜಾತಿಗೆಂದು ಕಟ್ಟಿದ್ದ ಇಮೇಜುಗಳು ಅಲ್ಲಿ ಭಾಷಾಂತರದ ಮೂಲಕವಷ್ಟೇ ಓಡಬೇಕಾಯಿತು. ಮೂರೇ ವರ್ಷಗಳ ಹಿಂದೆ ಒಯ್ಯಬಲ್ಲದ್ದು ಎನಿಸಿದ್ದುದು ಪಕ್ಕದ ಮೇಜಿಗೆ ಒಯ್ಯುವಾಗ ಕುಂಟತೊಡಗಿತು. ಒಳಗಿನ ಮೊಹರೂ ಅಷ್ಟು ಬಿಗಿಯಲ್ಲ. ಸಿಂಗ್ಯುಲಾರಿಟಿಯು ಬಳಕೆದಾರನ ಸ್ವಂತ ಕಡತಕೋಶವನ್ನು ರೂಢಿಯಂತೆ ಒಳಗೆ ತೆರೆದಿಡುತ್ತದೆ. ಅವನು ಎಂದೋ ತನ್ನ ಲೆಕ್ಕದಲ್ಲಿ ಸ್ಥಾಪಿಸಿಕೊಂಡಿದ್ದ ಪೈಥಾನ್ ಪೊಟ್ಟಣವೊಂದು ಇಮೇಜಿನೊಳಗಿನ ಪೊಟ್ಟಣವನ್ನು ಹಿಂದಿಕ್ಕಿ ತಾನೇ ಕೆಲಸಕ್ಕೆ ನಿಲ್ಲುವುದು ಅಪರೂಪವಲ್ಲ. ಫೆನಿಕ್ಸ್ ತಾನು ಹೆಣೆದು ಕಂಪೈಲ್ ಮಾಡಿದ ಕ್ರಮವಿಧಿಗಳನ್ನು ಕೂಡಿಡುವುದೂ ಬಳಕೆದಾರನ ಅದೇ ಕೋಶದಲ್ಲಿ. ಒಂದು ಇಮೇಜು ಬಿಟ್ಟುಹೋದುದನ್ನು ಇನ್ನೊಂದು ಇಮೇಜು ತನ್ನದೆಂದು ತಿಳಿದು ಎತ್ತಿಕೊಳ್ಳುವ ಅಪಾಯ ಇಲ್ಲಿದೆ. ಅದನ್ನು ತಡೆಯಲು ಆದೇಶದಲ್ಲಿ ಪ್ರತ್ಯೇಕ ಸೂಚನೆ ಕೊಡಬೇಕು. ಹಾಗೆ ಕೊಡಬೇಕೆಂಬುದು ತಿಳಿದಿರಬೇಕು.

ಪ್ರಬಂಧದ ಅತ್ಯಂತ ಬೆಲೆಬಾಳುವ ಭಾಗ ವೇಗವನ್ನು ಕುರಿತದ್ದು. ಲೇಖಕರು ನರ್ಸ್ಕ್ ಕೇಂದ್ರದ ಎಡಿಸನ್ ಎಂಬ ಕ್ರೇ ಎಕ್ಸ್‌ಸಿ30 ಯಂತ್ರದಲ್ಲಿ, ಶಿಫ್ಟರ್ ಮೂಲಕ, ಒಂದೇ ಸಮಸ್ಯೆಯನ್ನು ಮೂರು ರೀತಿಗಳಲ್ಲಿ ಓಡಿಸಿದರು: ಯಂತ್ರದಲ್ಲಿಯೇ ಕಟ್ಟಿದ ತಂತ್ರಾಂಶದಿಂದ, ಕಂಟೈನರಿನಲ್ಲಿದ್ದುಕೊಂಡು ಕ್ರೇ ಕಂಪನಿಯ ಎಂಪಿಐ ಲೈಬ್ರರಿಯನ್ನು ಬಳಸಿ, ಕಂಟೈನರಿನೊಳಗಿನ ಸಾಮಾನ್ಯ ಎಂಪಿಚ್ ಬಳಸಿ. ಮೊದಲ ಎರಡರಲ್ಲಿ ವ್ಯತ್ಯಾಸ ನಗಣ್ಯ. ಮೂರನೆಯದು ಒಂದು ನೋಡಿನೊಳಗೆ ಇರುವವರೆಗೆ ಸಮಾಧಾನಕರವಾಗಿದ್ದು, ನೋಡಿನಿಂದ ನೋಡಿಗೆ ಸಂದೇಶ ಹೋಗಬೇಕಾದೊಡನೆ ಕುಸಿಯುತ್ತದೆ. ಕಾರಣ ಸ್ಪಷ್ಟ: ಕ್ರೇ ಯಂತ್ರದ ವಿಶೇಷ ಸಂಪರ್ಕಜಾಲದ ಭಾಷೆ ಕ್ರೇಯ ಸ್ವಾಮ್ಯದ ಲೈಬ್ರರಿಗೆ ಮಾತ್ರ ಬರುತ್ತದೆ, ಸಾಮಾನ್ಯ ಎಂಪಿಚ್ ಸಾಧಾರಣ ಜಾಲದ ದಾರಿ ಹಿಡಿಯುತ್ತದೆ.

ವೇಗದಲ್ಲಿ ನಷ್ಟವಿಲ್ಲ ಎಂಬ ತೀರ್ಮಾನಕ್ಕೆ ಲೇಖಕರು ‘ತಕ್ಕ ರೀತಿಯಲ್ಲಿ ನಿಯೋಜಿಸಿದರೆ’ ಎಂಬ ಅರ್ಥದ ಷರತ್ತನ್ನು ಸೇರಿಸಿದ್ದಾರೆ. ವಿಮರ್ಶೆ ನಿಲ್ಲಬೇಕಾದುದು ಈ ಷರತ್ತಿನ ಮುಂದೆ. ತಕ್ಕ ರೀತಿ ಎಂದರೆ ಕಂಟೈನರಿನ ಹೃದಯಭಾಗದ ಲೈಬ್ರರಿಯನ್ನು ತೆಗೆದು, ಆ ಸ್ಥಾನದಲ್ಲಿ ಆತಿಥೇಯನ ಲೈಬ್ರರಿಯನ್ನು ಕೂಡಿಸುವುದು. ಕಂಟೈನರ್ ವೇಗವಾಗಿ ಓಡಬೇಕಾದರೆ ಅದರ ಮುಚ್ಚಳವನ್ನು ತೆರೆಯಬೇಕು. ಮುಚ್ಚಿಯೇ ಇಡುವೆನೆಂದರೆ ವೇಗ ದಕ್ಕದು. ಶೀರ್ಷಿಕೆಯ ಮೊದಲನೆಯ ಮತ್ತು ಮೂರನೆಯ ವಿಶೇಷಣಗಳು ಒಂದು ಇಮೇಜಿನಲ್ಲಿ ಪೂರ್ಣಪ್ರಮಾಣದಲ್ಲಿ ಏಕಕಾಲಕ್ಕೆ ಇರಲಾರವು ಎಂಬುದು ಲೇಖಕರ ಅಳತೆಗಳಿಂದಲೇ ಸಿದ್ಧವಾಗುತ್ತದೆ. ಈ ಅದಲುಬದಲು ಸಾಧ್ಯವಾದುದಾದರೂ ಹೇಗೆ? ಎಂಪಿಚ್ ಮತ್ತು ಅದರಿಂದ ಕವಲೊಡೆದ ಕ್ರೇ, ಇಂಟೆಲ್ ಮುಂತಾದವರ ಲೈಬ್ರರಿಗಳು ಯಂತ್ರಭಾಷೆಯ ಮಟ್ಟದಲ್ಲಿ ಪರಸ್ಪರ ಹೊಂದುವಂತೆ 2013ರಲ್ಲಿ ಒಡಂಬಟ್ಟಿದ್ದರಿಂದ. ಓಪನ್ ಎಂಪಿಐ ಆ ಒಡಂಬಡಿಕೆಯ ಹೊರಗಿತ್ತು. ಇಂಥ ಹೊಂದಾಣಿಕೆಯನ್ನು ಮಾನಕವೇ ವಿಧಿಸಿದ್ದು 2025ರ ಜೂನ್‌ನಲ್ಲಿ ಅಂಗೀಕೃತವಾದ ಎಂಪಿಐ 5.0ರಲ್ಲಿ, ಪ್ರಬಂಧ ಪ್ರಕಟವಾಗಿ ಎಂಟು ವರ್ಷಗಳ ಬಳಿಕ.

ಇದು ದೂರದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪಿತವಾದ ಸಹಸ್ರಟಿ ಎಡಿಸನ್ನಿನ ವಂಶದ್ದೇ ಆದ ಕ್ರೇ ಎಕ್ಸ್‌ಸಿ40. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಅಭಿಯಾನದಡಿ ಅದೇ ಸಂಸ್ಥೆಗೆ 2022ರಲ್ಲಿ ಬಂದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಕ್ರೇ ವಂಶಕ್ಕೆ ಸೇರಿದುದಲ್ಲ. ಒಂದರಲ್ಲಿ ಕಲಿತ ಅದಲುಬದಲಿನ ಕೌಶಲ ಇನ್ನೊಂದಕ್ಕೆ ಹಾಗೆಯೇ ಸಲ್ಲುವುದಿಲ್ಲ.

ವೇಗದ ಬಗ್ಗೆ ಪ್ರಬಂಧದ ಇನ್ನೊಂದು ಶೋಧ ಅನಿರೀಕ್ಷಿತವಾದುದು. ಪೈಥಾನ್ ಕ್ರಮವಿಧಿ ಆರಂಭವಾಗುವಾಗ ನೂರಾರು ಸಣ್ಣ ಕಡತಗಳನ್ನು ಹುಡುಕಿ ತೆರೆಯುತ್ತದೆ. ಅಸಂಖ್ಯ ಪ್ರಕ್ರಿಯೆಗಳು ಏಕಕಾಲಕ್ಕೆ ಈ ಕೆಲಸಕ್ಕೆ ಇಳಿದರೆ ಸೂಪರ್‌ಕಂಪ್ಯೂಟರಿನ ಹಂಚಿಕೆಯ ಕಡತವ್ಯವಸ್ಥೆ ಉಸಿರುಗಟ್ಟುತ್ತದೆ. ಇಮೇಜಾದರೋ ಒಂದೇ ದೊಡ್ಡ ಕಡತ; ಹುಡುಕಾಟವೆಲ್ಲ ಆಯಾ ನೋಡಿನೊಳಗೇ ಮುಗಿಯುತ್ತದೆ. ಆದ್ದರಿಂದ ಕಂಟೈನರಿನಲ್ಲಿ ಕೆಲಸ ಬೇಗ ಆರಂಭವಾಗುತ್ತದೆ. ಕಂಟೈನರ್ ಪರವಾದ ವಾದಗಳಲ್ಲಿ ಇದರಷ್ಟು ಗಟ್ಟಿಯಾದುದು ಮತ್ತೊಂದಿಲ್ಲ.

ಎಡಿಸನ್ ಯಂತ್ರವನ್ನು 2019ರ ಮೇ ತಿಂಗಳಲ್ಲಿ ನಿವೃತ್ತಿಗೊಳಿಸಲಾಯಿತು. ಅಂದಮೇಲೆ ಪ್ರಬಂಧದ ಅಳತೆಗಳನ್ನು ಅಳೆದ ಸ್ಥಿತಿಯಲ್ಲಿಯೇ ಮತ್ತೆ ಅಳೆಯುವಂತಿಲ್ಲ. ಇಮೇಜು ಉಳಿದಿದ್ದರೂ, ಅದರೊಳಗೆ ಬಂದು ಕೂರುತ್ತಿದ್ದ ಕ್ರೇ ಲೈಬ್ರರಿ ಮತ್ತು ಅದು ಮಾತನಾಡುತ್ತಿದ್ದ ಜಾಲ ಎರಡೂ ಅಲ್ಲಿಲ್ಲ. ಕಂಟೈನರ್ ಕಾಪಾಡುತ್ತದೆ ಎಂದು ನಂಬಲಾದ ವಸ್ತುವಿನ ಹೊರಗೇ ಪ್ರಯೋಗದ ಮುಖ್ಯಾಂಶ ಉಳಿದಿತ್ತು ಎಂದಾಯಿತು.

ಶೀರ್ಷಿಕೆಗೆ ಸೇರದೆ ಉಳಿದ ವಿಶೇಷಣ ಇದು: ಓದಿ ಪುನಃ ಕಟ್ಟಬಲ್ಲದ್ದು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯ ಪರಂಪರೆಯಲ್ಲಿ ಪಳಗಿದವರಿಗೆ ಪ್ರತಿ ಬೇರೆ, ಪಾಠ ಬೇರೆ ಎಂಬ ವಿವೇಕ ಹೊಸದಲ್ಲ. ಒಂದು ಓಲೆಯ ಕಟ್ಟು ಸುರಕ್ಷಿತವಾಗಿದೆ ಎಂದ ಮಾತ್ರಕ್ಕೆ ಕೃತಿಯ ಪಾಠ ನಿರ್ಣಯವಾಯಿತೆಂದು ಯಾವ ಸಂಪಾದಕನೂ ಹೇಳುವುದಿಲ್ಲ. ಆ ಪ್ರತಿ ಯಾವ ಮೂಲದಿಂದ, ಯಾರಿಂದ, ಏನನ್ನು ಬಿಟ್ಟು ಏನನ್ನು ಸೇರಿಸಿ ಇಳಿದುಬಂತೆಂದು ಕೇಳುತ್ತಾನೆ. ಇಮೇಜು ಪ್ರತಿ. ಪಾಠವಿರಬೇಕಾದುದು ವಿಧಿಪತ್ರದಲ್ಲಿ. ಆದರೆ ವಾಡಿಕೆಯ ವಿಧಿಪತ್ರವನ್ನು ಹಾಗೆ ಓದಹೊರಟರೆ ಸಿಗುವುದೇನು? ಮೊದಲ ಸಾಲಿನಲ್ಲಿ ಉಬುಂಟು ಎಂದಿರುತ್ತದೆ, ಅನೇಕ ವೇಳೆ ‘ಇತ್ತೀಚಿನದು’ ಎಂಬ ಹಣೆಪಟ್ಟಿಯೊಂದಿಗೆ. ಎರಡನೆಯ ಸಾಲು ಪೊಟ್ಟಣಗಳ ಪಟ್ಟಿಯನ್ನು ನವೀಕರಿಸುವ ಆದೇಶ. ಇವತ್ತಿನ ಪಟ್ಟಿಯಲ್ಲಿ ಇವತ್ತಿನ ಕಂಪೈಲರ್ ಇರುತ್ತದೆ, ಐದು ವರ್ಷಗಳ ಬಳಿಕ ಬೇರೊಂದು. ಬೆಂಬಲದ ಅವಧಿ ಮುಗಿದ ಉಬುಂಟು ಆವೃತ್ತಿಯ ಪೊಟ್ಟಣಗಳನ್ನು ಹಳೆಯ ಆವೃತ್ತಿಗಳ ಬೇರೊಂದು ಉಗ್ರಾಣಕ್ಕೆ ಸಾಗಿಸುವುದರಿಂದ ಆ ಸಾಲು ಒಮ್ಮೆಗೇ ವಿಫಲವಾಗುವುದೂ ಉಂಟು. ಒಂದೇ ವಿಧಿಪತ್ರ ಎರಡು ಕಾಲಗಳಲ್ಲಿ ಎರಡು ಇಮೇಜುಗಳನ್ನು ಕೊಡುತ್ತದೆ, ಇಲ್ಲವೇ ಏನನ್ನೂ ಕೊಡುವುದಿಲ್ಲ. ಅಡುಗೆಯ ಪುಸ್ತಕದಲ್ಲಿ ‘ಅಂಗಡಿಯಲ್ಲಿ ಇಂದು ಸಿಕ್ಕ ಹಿಟ್ಟು’ ಎಂದು ಬರೆದಂತೆ.

ಪ್ರತಿಯ ಉಲ್ಲೇಖದಲ್ಲಿಯೂ ಇದೇ ಸಡಿಲತೆ. ಇಮೇಜಿನ ಹಣೆಪಟ್ಟಿಯನ್ನು ಒಡೆಯನು ಯಾವಾಗ ಬೇಕಾದರೂ ಕಿತ್ತು ಇನ್ನೊಂದು ಇಮೇಜಿಗೆ ಅಂಟಿಸಬಹುದು. ಬದಲಾಗದೆ ನಿಲ್ಲುವುದು ಇಮೇಜಿನ ಒಳಹೂರಣದಿಂದಲೇ ಲೆಕ್ಕಹಾಕಿದ ಎಸ್‌ಎಚ್‌ಎ-256 ಸಾರಸಂಖ್ಯೆ ಮಾತ್ರ. ಸಂಶೋಧನ ಪ್ರಬಂಧದಲ್ಲಿ ಹಣೆಪಟ್ಟಿಯನ್ನಷ್ಟೇ ಕೊಡುವುದು, ಕಟ್ಟಿನ ಸಂಖ್ಯೆ ಗರಿಯ ಸಂಖ್ಯೆಗಳನ್ನು ಬಿಟ್ಟು ‘ಮಠದಲ್ಲಿರುವ ಓಲೆ’ ಎಂದು ಅಡಿಟಿಪ್ಪಣಿ ಬರೆದಷ್ಟೇ ಅಪೂರ್ಣ. ಉಗ್ರಾಣದ ಸ್ಥಿರತೆಯೂ ಪ್ರಶ್ನಾತೀತವಲ್ಲ. ಬಹುಕಾಲ ಬಳಕೆಯಾಗದ ಇಮೇಜುಗಳನ್ನು ಉಚಿತ ಲೆಕ್ಕಗಳಿಂದ ಅಳಿಸುವುದಾಗಿ ಡಾಕರ್ ಕಂಪನಿ 2020ರಲ್ಲಿ ಪ್ರಕಟಿಸಿ ಅನಂತರ ಅದನ್ನು ಜಾರಿಗೆ ತರದೆ ಬಿಟ್ಟಿತು. ತಂಡಗಳ ಉಚಿತ ಲೆಕ್ಕಗಳನ್ನು ನಿಲ್ಲಿಸುವುದಾಗಿ 2023ರ ಮಾರ್ಚ್‌ನಲ್ಲಿ ಹೇಳಿ, ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಎರಡು ಬಾರಿಯೂ ಅನಾಹುತ ತಪ್ಪಿತು. ತಪ್ಪಿಸಿದ್ದು ಒಂದು ವಾಣಿಜ್ಯ ಸಂಸ್ಥೆಯ ಮನಸ್ಸಿನ ಬದಲಾವಣೆಯೇ ಹೊರತು ಯಾವ ಗ್ರಂಥಾಲಯದ ನಿಯಮವೂ ಅಲ್ಲ.

ಇಮೇಜು ಹಾಗೆಯೇ ಉಳಿದರೂ ಉತ್ತರ ಹಾಗೆಯೇ ಉಳಿಯಬೇಕೆಂದಿಲ್ಲ. ಓಪನ್‌ಬ್ಲಾಸ್ ಮೊದಲಾದ ಗಣಿತ ಲೈಬ್ರರಿಗಳು ಓಡುವ ಕ್ಷಣದಲ್ಲಿ ಸಂಸ್ಕಾರಕ ಯಾವುದೆಂದು ನೋಡಿ ಅದಕ್ಕೆ ತಕ್ಕ ಕ್ರಮವನ್ನು ಆಯ್ದುಕೊಳ್ಳುತ್ತವೆ. ಕೂಡುವ ಕ್ರಮ ಬದಲಾದರೆ ದಶಮಾಂಶದ ಕೊನೆಯ ಅಂಕಿಗಳು ಬದಲಾಗುತ್ತವೆ. ಪ್ರಕ್ರಿಯೆಗಳ ಸಂಖ್ಯೆ ಬದಲಾದಾಗಲೂ ಹಾಗೆಯೇ. ಬಹುತೇಕ ಸಮಸ್ಯೆಗಳಲ್ಲಿ ಇದು ಕ್ಷುಲ್ಲಕ. ಪ್ರಕ್ಷುಬ್ಧ ಪ್ರವಾಹದಂಥ ಅನುಕರಣಗಳಲ್ಲಿ ಆ ಕೊನೆಯ ಅಂಕಿ ಬೆಳೆಬೆಳೆದು ಇಡೀ ಚಿತ್ರವನ್ನೇ ಬೇರೆಯಾಗಿಸುತ್ತದೆ.

ಪಾಠವನ್ನೇ ಕೇಂದ್ರವಾಗಿರಿಸಿಕೊಂಡ ಪ್ರಯತ್ನಗಳು ಇಲ್ಲದಿಲ್ಲ. ಏಲ್ಕೊ ಡೋಲ್‌ಸ್ಟ್ರಾ ಅವರ 2006ರ ಡಾಕ್ಟರೇಟ್ ಪ್ರಬಂಧ ಪ್ರತಿಪಾದಿಸಿದ ನಿಕ್ಸ್, ಅದರ ದಾರಿಯಲ್ಲಿ 2012ರಲ್ಲಿ ಹೊರಟ ಗೀಕ್ಸ್ ಇವು ಪ್ರತಿ ಪೊಟ್ಟಣದ ಪೂರ್ಣ ವಂಶಾವಳಿಯನ್ನು ದಾಖಲಿಸುತ್ತವೆ. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಸ್ಪ್ಯಾಕ್, ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಈಸಿಬಿಲ್ಡ್ ಇವು ಸೂಪರ್‌ಕಂಪ್ಯೂಟರ್ ಕೇಂದ್ರಗಳ ನಿತ್ಯದ ಅಗತ್ಯದಿಂದ ಹುಟ್ಟಿದವು. ‘ರಿಸೈನ್ಸ್ ಸಿ’ ಪತ್ರಿಕೆಯು ಹತ್ತು ವರ್ಷಕ್ಕೂ ಹಳೆಯದಾದ ತಮ್ಮದೇ ಪ್ರಬಂಧಗಳ ಕ್ರಮವಿಧಿಗಳನ್ನು ಮತ್ತೆ ಓಡಿಸಿ ತೋರಿಸಿರೆಂದು ಸಂಶೋಧಕರಿಗೆ ಸವಾಲು ಹಾಕಿದಾಗ, ಗೀಕ್ಸ್ ಸ್ಥಾಪಕ ಲುಡೊವಿಕ್ ಕೂರ್ಟೆಸ್ ಅವರು ತಮ್ಮ 2006ರ ಕೆಲಸವನ್ನು ಗೀಕ್ಸ್ ಮೂಲಕವೇ ಮರಳಿ ಕಟ್ಟಿದರು. ಅಲ್ಲಿ ಉಳಿದದ್ದು ಮುಚ್ಚಿದ ಪ್ರತಿಯಲ್ಲ. ಆರಂಭದಿಂದ ತುದಿಯವರೆಗೆ ಓದಬಲ್ಲ ಪಾಠ. ಹಾಗೆಂದು ಈ ಮಾರ್ಗವೂ ಸರ್ವಸಮರ್ಥವೆನ್ನಲಾಗದು. ಕ್ರೇ ಕಂಪನಿಯ ಲೈಬ್ರರಿಯಂಥ ಮೂಲಪಠ್ಯವಿಲ್ಲದ ವಸ್ತುವಿಗೆ ವಂಶಾವಳಿ ಬರೆಯುವುದು ಯಾರಿಗೂ ಸಾಧ್ಯವಿಲ್ಲ. ಗೀಕ್ಸ್‌ನಿಂದ ಕಟ್ಟಿದುದನ್ನೇ ಕಂಟೈನರ್ ಇಮೇಜಾಗಿ ಹೊರತೆಗೆಯುವ ಸೌಲಭ್ಯವಿದ್ದರೂ ಹೆಚ್ಚಿನ ಸಂಶೋಧಕರು ಆ ದಾರಿಗೆ ಬಾರದಿರುವುದು ಕಲಿಕೆಯ ಕಷ್ಟದಿಂದ ಮಾತ್ರವಲ್ಲ, ಆ ಕಷ್ಟಕ್ಕೆ ಯಾವ ಪತ್ರಿಕೆಯೂ ಮನ್ನಣೆ ಕೊಡದಿರುವುದರಿಂದ ಕೂಡ. ಪ್ಯಾರಿಸ್ಸಿನ ಸಾಫ್ಟ್‌ವೇರ್ ಹೆರಿಟೇಜ್ 2016ರಿಂದ ಮೂಲಪಠ್ಯಗಳನ್ನು ಸಂಗ್ರಹಿಸುತ್ತಿದೆ; ಯೂರೋಪಿನ ಸರ್ನ್ ಸಂಸ್ಥೆಯ ಝೆನೊಡೊ ಇಮೇಜುಗಳನ್ನೂ ಸ್ವೀಕರಿಸಿ ಶಾಶ್ವತ ಗುರುತನ್ನು ಕೊಡುತ್ತದೆ. ಪಾಠಕ್ಕೊಂದು ಭಂಡಾರ, ಪ್ರತಿಗೊಂದು ಭಂಡಾರ. ಈ ಪ್ರತಿ ಹುಟ್ಟಿದ್ದು ಆ ಪಾಠದಿಂದ ಎಂದು ಎರಡನ್ನೂ ಒಂದೇ ದಾಖಲೆಯಲ್ಲಿ ಬೆಸೆಯುವ ಸೂಚೀಕರಣ ಮಾತ್ರ ಇನ್ನೂ ವಾಡಿಕೆಯಾಗಿಲ್ಲ.

ಲಾಂಗ್‌ಟಾಂಗನ್ ಮತ್ತು ಲಾಗ್ ಅವರ ಪುಸ್ತಕಕ್ಕೆ ಇಲ್ಲಿ ಮರಳಬೇಕು. ಹಳೆಯ ಫೆನಿಕ್ಸ್‌ನ ಕೊನೆಯ ಮುಖ್ಯ ಆವೃತ್ತಿ 2019ರದು. ಅನಂತರ ಬಂದ ಡಾಲ್ಫಿನ್-ಎಕ್ಸ್‌ನಲ್ಲಿ ಪುಸ್ತಕದ ಕ್ರಮವಿಧಿಗಳು ಮೊದಲ ಸಾಲಿನಲ್ಲಿಯೇ ನಿಂತುಬಿಡುತ್ತವೆ. ಗ್ರಂಥಾಲಯದಲ್ಲಿ ಈ ಪುಸ್ತಕವನ್ನು ಎತ್ತಿಕೊಂಡ ವಿದ್ಯಾರ್ಥಿಗೆ ಅದನ್ನು ಮುದ್ರಿತ ರೂಪದಲ್ಲಿಯೇ ಓಡಿಸಲು ಇರುವ ಸುಲಭ ದಾರಿ ಆ ಕಾಲದ ಇಮೇಜು. ಅಷ್ಟರಮಟ್ಟಿಗೆ ಕಂಟೈನರ್ ತನ್ನ ಮಾತನ್ನು ಉಳಿಸಿಕೊಂಡಿದೆ. ಆದರೆ ಪುಸ್ತಕದ ಮೊದಲ ಉದಾಹರಣೆಯಲ್ಲಿಯೇ ಇಮೇಜನ್ನು ಅವಲಂಬಿಸದ ಇನ್ನೊಂದು ಏರ್ಪಾಡಿದೆ. ಪಾಯ್ಸನ್ ಸಮೀಕರಣವನ್ನು ಬಿಡಿಸಹೊರಟ ಲೇಖಕರು ಉತ್ತರವನ್ನು ಮೊದಲೇ ಆಯ್ದುಕೊಂಡಿದ್ದಾರೆ: ಒಂದಕ್ಕೆ ಎಕ್ಸ್‌ನ ವರ್ಗವನ್ನೂ ವೈ ವರ್ಗದ ಎರಡರಷ್ಟನ್ನೂ ಕೂಡಿದ ಮೊತ್ತ. ಹಾಗೆ ಆಯ್ದುದರಿಂದ ಸಮೀಕರಣದ ಬಲಬದಿ ಮೈನಸ್ 6 ಎಂಬ ಸ್ಥಿರಸಂಖ್ಯೆಯಾಗುತ್ತದೆ. ಚೌಕವನ್ನು ಎಂಟಕ್ಕೆ ಎಂಟರಂತೆ ವಿಭಾಗಿಸಿದ ಆ ಒರಟು ಜಾಲರಿಯಲ್ಲಿಯೂ ಗಂಟುಗಳ ಮೇಲಿನ ಉತ್ತರ ನಿಖರವಾಗಿಯೇ ಬರಬೇಕು. ದೋಷ ಉಳಿದರೆ ದಶಮಾಂಶ ಬಿಂದುವಿನ ನಂತರ ಹದಿನಾಲ್ಕರಷ್ಟು ಸೊನ್ನೆಗಳ ಬಳಿಕ ಮಾತ್ರ. ಡಾಲ್ಫಿನ್-ಎಕ್ಸ್‌ಗಾಗಿ ಹೊಸದಾಗಿ ಬರೆದ ಪಾಠಮಾಲೆಯೂ ಮೊದಲ ಉದಾಹರಣೆಗೆ ಇದೇ ಉತ್ತರವನ್ನು ಇಟ್ಟುಕೊಂಡಿದೆ. ಎರಡು ತಂತ್ರಾಂಶಗಳ ನಡುವೆ ಕ್ರಮವಿಧಿ ಹಾಗೆಯೇ ದಾಟಿಲ್ಲ. ಉತ್ತರವನ್ನು ಒರೆಗೆ ಹಚ್ಚುವ ಆ ಬಹುಪದೋಕ್ತಿ ದಾಟಿದೆ.